ಗುಡ್ಡದ ಹಾದಿಯಲ್ಲಿ ಗೆಲ್ಲುವವರು ಯಾರು?

ನಮ್ಮ ವೈಯಾಲಿಕಾವಲಿನಲ್ಲಿ ಏರಿಳಿತವಿಲ್ಲದ ಬೀದಿಗಳು ಕಡಿಮೆ. ಅರಮನೆ ಗುಟ್ಟಹಳ್ಳಿಯ ಕಡೆಯಿಂದ ಸೈಕಲ್ ತುಳಿದುಕೊಂಡು ಬರುವವರಲ್ಲಿ ಅರ್ಧ ಮಂದಿ ನಮ್ಮ ತಂದೆಯವರ ಅಂಗಡಿಯ ಮುಂದೆ ಬರುವ ಹೊತ್ತಿಗೆ ಇಳಿದು ತಳ್ಳುತ್ತಿರುವರು. ತಂದೆಯವರದು ಸೈಕಲ್ ರಿಪೇರಿಯ ಅಂಗಡಿ. ಪಂಚರ್ ಹಾಕುತ್ತ, ಚಕ್ರದ ಬೆಂಡ್ ತೆಗೆಯುತ್ತ ಕುಳಿತಲ್ಲಿಂದಲೇ ಅವರು ಕೆಳಗಿನ ತಿರುವಿನತ್ತ ಕಣ್ಣು ಹಾಯಿಸಿ, "ಇವನು ಇಳೀತಾನೆ", "ಇವನು ಇಳಿಯೋದಿಲ್ಲ" ಎಂದು ಹೇಳಿಬಿಡುವರು. ಹತ್ತರಲ್ಲಿ ಎಂಟು ಬಾರಿ ಅವರ ಮಾತು ನಿಜವಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕಾರಣ ಕೇಳಿದರೆ, "ಏರು ಶುರುವಾಗೋಕ್ಕೆ ಮುಂಚೇನೇ ಸೀಟಿನಿಂದ ಎದ್ದವನು ಇಳೀತಾನಪ್ಪ" ಎನ್ನುವರು. ಇದು ಅವರ ಶಾಸ್ತ್ರ. ಪ್ರಕೃತ ಲೇಖನವು ಈ ಶಾಸ್ತ್ರವನ್ನೇ ಸ್ವಲ್ಪ ವಿಸ್ತರಿಸಿ ನೋಡುವ ಪ್ರಯತ್ನವಾಗಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳಗನ್ನಡದಲ್ಲಿ 'ವೈಹಾಳಿ' ಅಥವಾ 'ವೈಯಾಳಿ' ಎಂದರೆ ಕುದುರೆಯ ಸವಾರಿ ಎಂದೂ, 'ಕಾವಲ್' ಎಂದರೆ ಕಾದಿಟ್ಟ ಹುಲ್ಲುಗಾವಲು ಎಂದೂ, ನಮ್ಮ ಬಡಾವಣೆಯ ಹೆಸರಿಗೂ ಇವಕ್ಕೂ ನಂಟಿರಬಹುದೆಂದೂ ನಮ್ಮ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಒಮ್ಮೆ ಹೇಳಿದರು. ಸವಾರಿಯ ಹೆಸರು ಹೊತ್ತ ಊರಿನವನು ಸವಾರಿಯ ಬಗ್ಗೆ ಬರೆದರೆ ತಪ್ಪೇನೂ ಇಲ್ಲವಷ್ಟೆ!

ಈ ವಿಷಯವನ್ನು ಅಭ್ಯಾಸ ಮಾಡಲು ನನಗೆ ಕಾರಣವಾದದ್ದು ಪುಸ್ತಕವಲ್ಲ, ಮನೆಯಲ್ಲಿ ಎದ್ದ ಒಂದು ಪ್ರಶ್ನೆ. ನನ್ನ ಅಣ್ಣ ಹತ್ತನೆಯ ತರಗತಿ ಮುಗಿಸಿ ಅಂಗಡಿಗೆ ಕುಳಿತವನು. ಬೆಳಗಿನ ಜಾವ ಮಲ್ಲೇಶ್ವರದ ಮನೆಗಳಿಗೆ ಪತ್ರಿಕೆ ಹಂಚಿ, ಆಮೇಲೆ ತಂದೆಯವರ ಜೊತೆ ಸ್ಪ್ಯಾನರ್ ಹಿಡಿಯುವನು. ಭಾನುವಾರಗಳಲ್ಲಿ ಮಾತ್ರ ನಂದಿಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗಿ ಬರುವುದು ಅವನ ಹುಚ್ಚು. ಹೋದ ವರ್ಷ ಒಂದು ಕ್ಲಬ್ಬಿನವರು ಬೆಟ್ಟದ ಮೇಲೆ ಮುಗಿಯುವ ಸ್ಪರ್ಧೆಯೊಂದನ್ನು ಗೊತ್ತು ಮಾಡಿದರು. ಹೊಸಬರ ವಿಭಾಗದಲ್ಲಿ ಮೊದಲ ಮೂವರೊಳಗೆ ಬಂದವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡು ತರಬೇತಿ ಕೊಡುವುದಾಗಿ ಸಾರಿದರು. ಅಣ್ಣನಿಗೆ ಆಸೆ ಹುಟ್ಟಿತು. ಆದರೆ ಅವನ ಗೇರಿನ ಸೈಕಲ್ಲು ಹದಿನೆಂಟು ಕಿಲೋ ತೂಗುವ ಕಬ್ಬಿಣದ ರಾಶಿ. ಯಾರೋ ಒಬ್ಬರು ಹತ್ತು ಕಿಲೋ ತೂಕದ ಹಳೆಯ ರೇಸಿಂಗ್ ಸೈಕಲ್ಲನ್ನು ನಲವತ್ತೈದು ಸಾವಿರಕ್ಕೆ ಕೊಡಲು ಸಿದ್ಧರಿದ್ದರು. ತಂದೆಯವರ ಕೈಯಲ್ಲಿ ಚೀಟಿ ಎತ್ತಿದ ಹಣ ಸುಮಾರು ಅಷ್ಟೇ ಇತ್ತು. ಅದನ್ನು ನನ್ನ ಎಂ.ಎ. ಓದಿಗೆಂದು ತೆಗೆದಿರಿಸಿದ್ದರು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ತಂದೆಯವರು ನನ್ನ ಕಡೆ ತಿರುಗಿ, "ಓದಿದವನು ನೀನೊಬ್ಬನೇ ಕಣಪ್ಪ. ಲೆಕ್ಕ ಹಾಕಿ ಹೇಳು. ಆ ಸೈಕಲ್ ಕೊಡಿಸಿದರೆ ಇವನು ಗೆಲ್ತಾನೋ ಇಲ್ವೋ?" ಎಂದರು. ಅಣ್ಣ ತಲೆ ಎತ್ತದೆ ಸಾರನ್ನ ಕಲಸುತ್ತಿದ್ದ. ಅರ್ಥಶಾಸ್ತ್ರದ ಪರೀಕ್ಷೆಯಲ್ಲಿಯೂ ಇಷ್ಟು ಕಠಿಣವಾದ ಪ್ರಶ್ನೆಯನ್ನು ನಾನು ಕಂಡಿಲ್ಲ.

ಗುಡ್ಡದ ಹಾದಿಯ ಸೈಕಲ್ ಸ್ಪರ್ಧೆಯಲ್ಲಿ ಗೆಲ್ಲುವವರನ್ನು ಮುಂಚಿತವಾಗಿ ಹೇಳುವುದು ಯೂರೋಪಿನಲ್ಲಿ ಬಹು ಹಳೆಯ ಚಟ. ಫ್ರಾನ್ಸ್ ದೇಶವನ್ನು ಸುತ್ತುವ 'ಟೂರ್ ಡಿ ಫ್ರಾನ್ಸ್' ಸ್ಪರ್ಧೆ 1903ರಲ್ಲಿ ಪ್ರಾರಂಭವಾಯಿತು. 1910ರಲ್ಲಿ ಪಿರೆನೀಸ್ ಪರ್ವತಗಳ ಟೂರ್ಮಲೆ ಕಣಿವೆಯನ್ನು ಹತ್ತಿಸಿದರು. ಆಗ ಅದು ಮಣ್ಣಿನ ದಾರಿ. ಗೇರು ಬದಲಾಯಿಸುವ ಉಪಕರಣವನ್ನು ಆ ಸ್ಪರ್ಧೆಯಲ್ಲಿ ಎಲ್ಲರಿಗೂ ಅನುಮತಿಸಿದ್ದು 1937ರಲ್ಲಿ ಎಂಬುದನ್ನು ನೆನೆದರೆ, ಹಿಂದಿನವರ ಕಾಲಿನ ಬಲಕ್ಕೆ ಕೈಮುಗಿಯಬೇಕೆನಿಸುತ್ತದೆ. ಆಲ್ಪ್ಸ್ ಪರ್ವತದ ಪ್ರಸಿದ್ಧವಾದ 'ಆಲ್ಪ್ ಡ್ಯುಯೆಜ್' ಏರು ಈ ಸ್ಪರ್ಧೆಗೆ ಸೇರಿದ್ದು 1952ರಲ್ಲಿ. ಇಪ್ಪತ್ತೊಂದು ತಿರುವುಗಳ, 13.8 ಕಿಲೋಮೀಟರ್ ಉದ್ದದ, ನೂರು ಮೀಟರಿಗೆ ಎಂಟು ಮೀಟರಿನಂತೆ ಏರುವ ದಾರಿ ಅದು. ಮೊದಲ ವರ್ಷ ಅಲ್ಲಿ ಗೆದ್ದವರು ಇಟಲಿಯ ಫಾಸ್ಟೊ ಕೊಪ್ಪಿ.

ಆದರೆ ಪರ್ವತದ ದಾರಿ ಬೇರೆ, ಗುಡ್ಡಗಾಡಿನ ದಾರಿ ಬೇರೆ ಎಂಬುದನ್ನು ವಾಚಕರು ಗಮನಿಸಬೇಕು. ಪರ್ವತವೆಂದರೆ ಗಂಟೆಗಟ್ಟಲೆ ಒಂದೇ ಸಮನೆ ಹತ್ತುವುದು. ಅಲ್ಲಿ ತೆಳು ಮೈಯವರದೇ ರಾಜ್ಯ. ಗುಡ್ಡಗಾಡಿನ ದಿನವೆಂದರೆ ಹತ್ತು ಸಣ್ಣ ಏರು, ಹತ್ತು ಇಳಿತ, ಕಡೆಯಲ್ಲೊಂದು ಚೂಪಾದ ದಿಬ್ಬ. ಇಲ್ಲಿ ಐದು ನಿಮಿಷದ ಉಗ್ರ ಬಲ ಇರುವವನಿಗೆ ಮೇಲುಗೈ. ಬೆಲ್ಜಿಯಂ ದೇಶದ 'ಫ್ಲೆಶ್ ವಾಲೋನ್' ಎಂಬ ಒಂದು ದಿನದ ಸ್ಪರ್ಧೆ ಹ್ಯುಯಿ ಪಟ್ಟಣದ ಒಂದು ಗೋಡೆಯಂಥ ದಿಬ್ಬದ ಮೇಲೆ ಮುಗಿಯುತ್ತದೆ. ಅದರ ಉದ್ದ ಬರೀ 1.3 ಕಿಲೋಮೀಟರ್. ಸ್ಪೇನಿನ ಅಲೆಹಾಂದ್ರೊ ವಲ್ವರ್ದೆ ಅಲ್ಲಿ 2006ರಲ್ಲಿ ಒಮ್ಮೆ, ಮತ್ತೆ 2014ರಿಂದ 2017ರವರೆಗೆ ಸತತವಾಗಿ ನಾಲ್ಕು ಬಾರಿ ಗೆದ್ದರು. ಅಂಥ ಕಡೆ ಊಹೆ ಸುಲಭ: ದಾರಿಯ ಕೊನೆಯಲ್ಲೇ ದಿಬ್ಬವಿದೆ, ಅದರ ಮೇಲೆ ಯಾರಿಗೆ ಬಲವೆಂಬುದು ಹಿಂದಿನ ವರ್ಷಗಳಿಂದ ಗೊತ್ತಿದೆ. ಅದೇ ದಿಬ್ಬವನ್ನು ಗುರಿಗಿಂತ ಮೂವತ್ತು ಕಿಲೋಮೀಟರ್ ಹಿಂದಕ್ಕೆ ಇಟ್ಟು ನೋಡಿ. ಊಹೆಯ ಕಥೆಯೇ ಬೇರೆಯಾಗುತ್ತದೆ. ಆದುದರಿಂದ ಮೊದಲು ನೋಡಬೇಕಾದದ್ದು ಸವಾರನನ್ನಲ್ಲ, ದಾರಿಯನ್ನು.

ನಮ್ಮ ನಾಡಿನಲ್ಲಿ ವೃತ್ತಿಪರ ಸೈಕಲ್ ಸ್ಪರ್ಧೆ ಇನ್ನೂ ಎಳೆಯ ಗಿಡ. ಆದರೂ ಬೇರು ಇಲ್ಲದ ಗಿಡವಲ್ಲ. ವಿಜಯಪುರ, ಬಾಗಲಕೋಟೆಗಳ ಕಡೆಯ ರೈತರ ಮಕ್ಕಳು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕ ಗೆದ್ದು ತರುವುದು ದಶಕಗಳಿಂದ ನಡೆದುಬಂದ ಸಂಗತಿ. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ನವೀನ್ ಜಾನ್ ಅವರು ಕಾಲದೊಡನೆ ಒಬ್ಬಂಟಿಯಾಗಿ ಸೆಣಸುವ 'ಟೈಮ್ ಟ್ರಯಲ್' ವಿಭಾಗದಲ್ಲಿ ರಾಷ್ಟ್ರೀಯ ಚಾಂಪಿಯನ್ನರಾದರು. 2016ರಲ್ಲಿ ಆಸ್ಟ್ರೇಲಿಯದ ತಂಡವೊಂದಕ್ಕೆ ಸೇರಿ ಹೊರದೇಶದ ದಾರಿಗಳಲ್ಲಿ ಸ್ಪರ್ಧಿಸಿದರು. 2008ರಲ್ಲಿ ಪ್ರಾರಂಭವಾದ 'ಟೂರ್ ಆಫ್ ನೀಲಗಿರೀಸ್' ಎಂಬ ಯಾತ್ರೆ ಕರ್ನಾಟಕದಿಂದ ಹೊರಟು ಬಂಡೀಪುರ, ಮಧುಮಲೆ ಕಾಡುಗಳನ್ನು ದಾಟಿ ಊಟಿಗೆ ಹತ್ತುತ್ತದೆ. ಅದರಲ್ಲಿ ಮಸಿನಗುಡಿಯಿಂದ ಕಲ್ಲಟ್ಟಿ ಘಟ್ಟದ ಮೂವತ್ತಾರು ತಿರುವುಗಳನ್ನು ಏರುವ ದಿನವೆಂದರೆ ಎಂಥವರಿಗೂ ಎದೆ ನಡುಕ. ಅಣ್ಣ ಅದರ ಚಿತ್ರವೊಂದನ್ನು ಅಂಗಡಿಯ ಗೋಡೆಗೆ, ಟ್ಯೂಬು ನೇತುಹಾಕುವ ಮೊಳೆಯ ಪಕ್ಕದಲ್ಲಿ, ಅಂಟಿಸಿದ್ದಾನೆ.

ಬೆಂಗಳೂರಿನವರಿಗೆ ಮಾತ್ರ ಬೆಟ್ಟವೆಂದರೆ ನಂದಿ. ಊರಿನಿಂದ ಸುಮಾರು ಅರವತ್ತು ಕಿಲೋಮೀಟರ್. ಶಿಖರದ ಎತ್ತರ ಸಮುದ್ರಮಟ್ಟದಿಂದ 1478 ಮೀಟರ್. 1791ರ ಅಕ್ಟೋಬರ್ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಈ ದುರ್ಗವನ್ನು ಹಿಡಿಯಲು ತೋಪುಗಳನ್ನು ಎಳೆದುಕೊಂಡು ಹತ್ತಿತಂತೆ. ಈಗ ಭಾನುವಾರ ಬೆಳಿಗ್ಗೆ ನೂರಾರು ಸೈಕಲ್ಲುಗಳು ಹತ್ತುತ್ತವೆ. ಬುಡದಿಂದ ಮೇಲಿನವರೆಗೆ ಏಳೆಂಟು ಕಿಲೋಮೀಟರ್ ದಾರಿ, ಸುಮಾರು ನಾನೂರು ಮೀಟರ್ ಏರು. ಲೆಕ್ಕಕ್ಕೆ ಅನುಕೂಲವಾಗಲೆಂದು ಎಂಟು ಕಿಲೋಮೀಟರಿಗೆ ನಾನೂರು ಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ ನೂರಕ್ಕೆ ಐದರಂತೆ. ನಿಜವಾದ ದಾರಿ ಹೀಗೆ ಒಂದೇ ಸಮನಾಗಿಲ್ಲ. ಕೆಳಗೆ ಮೆತ್ತಗೆ ಮಾತಾಡಿಸಿ, ಮೇಲ್ಗಡೆಯ ತಿರುವುಗಳಲ್ಲಿ ಕುತ್ತಿಗೆ ಹಿಡಿಯುತ್ತದೆ.

ಈಗ ಲೆಕ್ಕ. ನಾನು ಕಲಾ ವಿಭಾಗದವನು. ವಿಜ್ಞಾನದ ಮಿತ್ರರು ತಪ್ಪು ಕಂಡರೆ ತಿದ್ದಬೇಕು. ಸೈಕಲ್ ತುಳಿಯುವವನನ್ನು ಹಿಂದಕ್ಕೆಳೆಯುವವರು ಮೂವರು: ಗಾಳಿ, ನೆಲಕ್ಕೂ ಟೈರಿಗೂ ಇರುವ ತಿಕ್ಕಾಟ, ಮತ್ತು ಭೂಮಿಯ ಸೆಳೆತ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಹೋಗುವವನ ಶ್ರಮದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಗಾಳಿಗೇ ಹೋಗುತ್ತದೆ. ಅದೇ ಮನುಷ್ಯ ನಂದಿಯ ಏರಿನಲ್ಲಿ ಗಂಟೆಗೆ ಹದಿನಾರು ಕಿಲೋಮೀಟರಿನಂತೆ ಹತ್ತುವಾಗ ಗಾಳಿಯ ಪಾಲು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ನೂರಕ್ಕೆ ಎಂಬತ್ತು ಪಾಲು ಶ್ರಮವನ್ನು ಭೂಮಿಯ ಸೆಳೆತ ತಿನ್ನುತ್ತದೆ. ಸೆಳೆತವೆಂದರೆ ತೂಕ. ಆದುದರಿಂದ ಬಯಲಿನಲ್ಲಿ ಮೈಕಟ್ಟಿನವನಿಗೆ ಬೆಲೆ, ಬೆಟ್ಟದಲ್ಲಿ ಒಂದೊಂದು ಕಿಲೋ ತೂಕಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಬೆಲೆ. ಈ ಬಲವನ್ನು ವಾಟ್‌ಗಳಲ್ಲಿ ಅಳೆಯುವರು. ಟೂರ್ ಡಿ ಫ್ರಾನ್ಸಿನ ಅಗ್ರಗಣ್ಯರು ಅರ್ಧ ಗಂಟೆಯ ಏರಿನಲ್ಲಿ ಮೈತೂಕದ ಪ್ರತಿ ಕಿಲೋಗೆ ಸುಮಾರು ಆರು ವಾಟ್‌ನಂತೆ ಬಲ ಬಿಡಬಲ್ಲರು.

ನಮ್ಮ ಅಣ್ಣನ ಮೈತೂಕ 58 ಕಿಲೋ. ಹದಿನೆಂಟು ಕಿಲೋ ಸೈಕಲ್ಲಿನೊಡನೆ 76. ಅವನು ಬುಡದಿಂದ ಮೇಲಕ್ಕೆ ಮೂವತ್ತು ನಿಮಿಷ ಚಿಲ್ಲರೆಯಲ್ಲಿ ಹತ್ತುತ್ತಿದ್ದ. ಇದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅವನ ಬಲ ಸುಮಾರು 200 ವಾಟ್. ಕಿಲೋಗೆ ಮೂರೂವರೆಗಿಂತ ಒಂದು ಕೂದಲು ಕಡಿಮೆ. ಪತ್ರಿಕೆ ಹಂಚುವ ಹುಡುಗನಿಗೆ ಇದು ಸಾಧಾರಣವಲ್ಲ. ಅದೇ ಬಲವನ್ನಿಟ್ಟುಕೊಂಡು ಸೈಕಲ್ಲಿನ ತೂಕವನ್ನು ಹತ್ತು ಕಿಲೋಗೆ ಇಳಿಸಿದರೆ, ಹತ್ತುವ ಕಾಲ 30 ನಿಮಿಷ 12 ಸೆಕೆಂಡಿನಿಂದ 27 ನಿಮಿಷ 50 ಸೆಕೆಂಡಿಗೆ ಇಳಿಯುತ್ತದೆ. ಎಂಟು ಕಿಲೋಗೆ 142 ಸೆಕೆಂಡು. ಅಂದರೆ ಒಂದು ಕಿಲೋಗೆ ಸುಮಾರು 18 ಸೆಕೆಂಡು. ಈ ಒಂದು ಅಂಕಿಯನ್ನು ಕಂಡುಹಿಡಿಯಲು ನನಗೆ ಮೂರು ರಾತ್ರಿ ಹಿಡಿಯಿತು. (ತೂಕದ ಮೋಹ ಅತಿಯಾಗಬಾರದೆಂದೇ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರವಾಗಿರಕೂಡದೆಂದು 2000ನೆಯ ಇಸವಿಯಿಂದ ನಿಯಮ ಮಾಡಿದೆ. ನಮ್ಮ ಮನೆಯಲ್ಲಿ ಆ ನಿಯಮ ಮುರಿಯುವ ಭಯವಿರಲಿಲ್ಲ.)

ಇಷ್ಟೇ ಆಗಿದ್ದರೆ ಗೆಲ್ಲುವವರನ್ನು ಹೇಳುವುದು ತಕ್ಕಡಿಯ ಕೆಲಸ. ಎಲ್ಲರ ತೂಕ, ಎಲ್ಲರ ಬಲ ಬರೆದುಕೊಂಡು ಭಾಗಾಕಾರ ಮಾಡಿದರೆ ಮುಗಿಯಿತು. ಹಾಗಾಗುವುದಿಲ್ಲವೆಂಬುದೇ ಈ ಆಟದ ಸೊಗಸು. 2022ರ ಜುಲೈ 14ರಂದು ಆಲ್ಪ್ ಡ್ಯುಯೆಜ್ ಏರಿನ ಮೇಲೆ ಮುಗಿದ ದಿನವನ್ನು ನೋಡಿ. ಆಗಿನ ಅತ್ಯಂತ ಬಲಶಾಲಿಗಳಾದ ವಿಂಗೆಗೋರ್, ಪೊಗಾಚರ್ ಇಬ್ಬರೂ ಅಲ್ಲಿದ್ದರು. ಆದರೆ ಆ ದಿನ ಗೆದ್ದವರು ಮುಂಚೆಯೇ ಗುಂಪನ್ನು ಬಿಟ್ಟು ಮುಂದೆ ಹೋಗಿದ್ದ ಇಂಗ್ಲೆಂಡಿನ ಟಾಮ್ ಪಿಡ್‌ಕಾಕ್. ಬಲಶಾಲಿಗಳಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಮೂರು ನಿಮಿಷಕ್ಕೂ ಹೆಚ್ಚು ಹಿಂದೆ ಬಂದರು. ಅವರ ಕಣ್ಣು ಒಟ್ಟು ಮೂರು ವಾರಗಳ ಗೆಲುವಿನ ಮೇಲಿತ್ತು; ಆ ಒಂದು ದಿನದ ಗೆಲುವು ಯಾರಿಗೆ ಹೋದರೂ ಅವರಿಗೆ ನಷ್ಟವಿರಲಿಲ್ಲ.

ಇದಕ್ಕಿಂತಲೂ ಸೋಜಿಗವಾದದ್ದು 2021ರ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಸ್ಪರ್ಧೆ. 137 ಕಿಲೋಮೀಟರಿನ ಗುಡ್ಡಗಾಡಿನ ದಾರಿ. ಆಸ್ಟ್ರಿಯದ ಆನಾ ಕೀಸೆನ್‌ಹೋಫರ್ ಎಂಬ ಗಣಿತಶಾಸ್ತ್ರದ ವಿದುಷಿ, ಆಗ ಯಾವ ವೃತ್ತಿಪರ ತಂಡದ ಒಪ್ಪಂದವೂ ಇಲ್ಲದವರು, ಪ್ರಾರಂಭದಲ್ಲಿಯೇ ನಾಲ್ವರೊಡನೆ ಮುಂದೆ ಹೋದರು. ಕಡೆಗೆ ಸುಮಾರು ನಲವತ್ತು ಕಿಲೋಮೀಟರ್ ಉಳಿದಿರುವಾಗ ಜೊತೆಯವರನ್ನೂ ಬಿಟ್ಟು ಒಬ್ಬರೇ ನಡೆದರು. ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ಸುದ್ದಿ ಹೇಳುವ ರೇಡಿಯೊ ಇರುವುದಿಲ್ಲ. ಹಿಂದಿನ ಗುಂಪು ಮುಂದಿದ್ದ ಉಳಿದವರನ್ನು ಹಿಡಿದು, ಎಲ್ಲರನ್ನೂ ಹಿಡಿದೆವೆಂದು ತಿಳಿಯಿತು. ನೆದರ್‌ಲ್ಯಾಂಡ್ಸ್‌ನ ಆನೆಮೀಕ್ ಫಾನ್ ಫ್ಲೂಟನ್ ಗುರಿ ಮುಟ್ಟಿದಾಗ ತಾವೇ ಗೆದ್ದೆನೆಂದು ಕೈ ಎತ್ತಿ ಸಂಭ್ರಮಿಸಿದರು. ಗಣಿತದ ವಿದುಷಿ ಅವರಿಗಿಂತ 75 ಸೆಕೆಂಡು ಮುಂಚೆಯೇ ಗುರಿ ದಾಟಿದ್ದರು! ಸ್ಪರ್ಧೆಗೆ ಮುಂಚೆ ಯಾವ ಪಂಡಿತರೂ ಆಕೆಯ ಹೆಸರನ್ನು ಮುಂದಿಟ್ಟಿರಲಿಲ್ಲ.

ಇಂಥ ಓಟ ಹೇಗೆ ಸಾಧ್ಯ? ಹಿಂದಿನ ಗುಂಪಿನಲ್ಲಿ ಎಷ್ಟೊಂದು ಬಲವಿದೆ. ಎಲ್ಲರೂ ಸರದಿಯಂತೆ ಮುಂದೆ ಬಂದು ತುಳಿದರೆ ಒಬ್ಬಂಟಿಯನ್ನು ಹಿಡಿಯುವುದು ಕಷ್ಟವಲ್ಲ. ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಕ್ರೀಡೆಯ ಪುಟದಲ್ಲಲ್ಲ, ನಮ್ಮ ಸಾರ್ವಜನಿಕ ಹಣಕಾಸಿನ ಪಾಠದಲ್ಲಿ. ಬೀದಿದೀಪದ ಬೆಳಕು ತೆರಿಗೆ ಕೊಟ್ಟವನಿಗೂ ಬೀಳುತ್ತದೆ, ಕೊಡದವನಿಗೂ ಬೀಳುತ್ತದೆ. ಆದುದರಿಂದ ಪ್ರತಿಯೊಬ್ಬನೂ ಪಕ್ಕದವನು ಕೊಡಲಿ ಎಂದು ಕಾಯುವನು. ಅರ್ಥಶಾಸ್ತ್ರಜ್ಞರು ಇಂಥವನಿಗೆ 'ಬಿಟ್ಟಿ ಸವಾರ' ಎಂದು ಹೆಸರಿಟ್ಟಿದ್ದಾರೆ. ಸೈಕಲ್ ಗುಂಪಿನಲ್ಲಿ ಈ ಮಾತು ಅಕ್ಷರಶಃ ನಿಜ. ಮುಂದಿನವನು ಗಾಳಿಯನ್ನು ಸೀಳುತ್ತಾನೆ. ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡವನಿಗೆ ಶ್ರಮದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಉಳಿತಾಯ. ಮುಂದೆ ಓಡಿಹೋದವನನ್ನು ಹಿಡಿಯುವುದರಿಂದ ಗುಂಪಿಗೆಲ್ಲ ಲಾಭ. ಹಿಡಿಯಲು ತುಳಿದವನಿಗೆ ಮಾತ್ರ ಆಯಾಸ. ಗುಂಪು ದೊಡ್ಡದಾದಷ್ಟೂ ಸಾಮಾನ್ಯ ಹಿತಕ್ಕಾಗಿ ದುಡಿಯುವವರು ಸಿಕ್ಕುವುದು ಕಷ್ಟವೆಂದು ಮನ್ಕರ್ ಓಲ್ಸನ್ ಎಂಬ ವಿದ್ವಾಂಸರು 1965ರಲ್ಲಿ ತೋರಿಸಿದರು. ಅವರು ಹೇಳಿದ್ದು ಸಂಘಗಳ ವಿಷಯ. ಆದರೆ ಟೋಕಿಯೊದ ದಾರಿಗೆ ಅದು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಅಲ್ಲಿ ಡಚ್ ತಂಡ ಅತ್ಯಂತ ಬಲವಾದದ್ದು. ಅವರೇ ತುಳಿಯಲಿ ಎಂದು ಉಳಿದವರು ಸುಮ್ಮನಿದ್ದರೆ ತಪ್ಪೆನ್ನುವಂತಿಲ್ಲ; ನಾವೊಬ್ಬರೇ ಏಕೆ ತುಳಿಯಬೇಕೆಂದು ಡಚ್ಚರು ಲೆಕ್ಕ ಹಾಕಿದರೂ ತಪ್ಪೆನ್ನುವಂತಿಲ್ಲ. ಎಲ್ಲರೂ ಜಾಣರಾಗಿದ್ದ ಕಡೆ ಇಂಥ ಸಂದು ಹುಟ್ಟುತ್ತದೆ.

(ಬಿಟ್ಟಿ ಸವಾರನೆಂಬ ಮಾತನ್ನು ಮೊದಲ ಸಲ ತರಗತಿಯಲ್ಲಿ ಕೇಳಿದಾಗ ನನಗೆ ನೆನಪಾದದ್ದು ಸೈಕಲ್ಲಲ್ಲ, ನಮ್ಮ ಮನೆ. ಆ ವಿಷಯ ಇಲ್ಲಿ ಬೇಡ.)

ಆದುದರಿಂದ ಗುಡ್ಡಗಾಡಿನ ದಿನದ ಗೆಲುವನ್ನು ಊಹಿಸುವವನು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಮುಂದೆ ಓಡಿಹೋದವರನ್ನು ಗುಂಪು ಹಿಡಿಯುವುದೇ, ಬಿಡುವುದೇ ಎಂಬುದು ಮೊದಲನೆಯದು. ಹಿಡಿದರೆ ಗುಂಪಿನಲ್ಲಿ ಗೆಲ್ಲುವವರು ಯಾರು, ಬಿಟ್ಟರೆ ಓಡಿಹೋದವರಲ್ಲಿ ಗೆಲ್ಲುವವರು ಯಾರು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಕಾಲಿನಲ್ಲಿಲ್ಲ, ಅಗತ್ಯದಲ್ಲಿದೆ. ಇಂದು ಗೆಲ್ಲಲೇಬೇಕಾದ ತಂಡ ಯಾವುದು? ಅದಕ್ಕೆ ತುಳಿಯುವ ಆಳುಗಳಿದ್ದಾರೆಯೆ? ನಾಳೆ ಇನ್ನೂ ಕಠಿಣವಾದ ದಾರಿಯಿದ್ದರೆ ಇಂದು ಯಾರೂ ಮೈ ಸವೆಸುವುದಿಲ್ಲ. ಓಡಿಹೋದವರಲ್ಲಿ ಒಟ್ಟು ಸ್ಪರ್ಧೆಗೆ ಅಪಾಯ ತರುವವನು ಒಬ್ಬನೂ ಇಲ್ಲದಿದ್ದರೆ ಹಗ್ಗ ಸಡಿಲಬಿಡುವರು. ಇನ್ನು ಇಳಿಜಾರು, ಅಡ್ಡಗಾಳಿ, ಮಳೆ. ಇವನ್ನೆಲ್ಲ ಬರೆಯುತ್ತ ಹೋದರೆ ಈ ಸಂಚಿಕೆ ಸಾಲದು.

ಇಷ್ಟು ಅನಿಶ್ಚಯವಿರುವ ಕಡೆ "ಇವನೇ ಗೆಲ್ಲುವನು" ಎಂದು ಹೇಳುವವನು ರೇಸ್‌ಕೋರ್ಸ್ ರಸ್ತೆಯಲ್ಲಿ ಕುದುರೆಯ ಹೆಸರು ಪಿಸುಗುಟ್ಟುವವನಿಗಿಂತ ಮೇಲಲ್ಲ. ಆ ಪುಣ್ಯಾತ್ಮರು ಹತ್ತು ಜನಕ್ಕೆ ಹತ್ತು ಕುದುರೆ ಹೇಳುವರೆಂದೂ, ಗೆದ್ದ ಒಬ್ಬನು ಮಾತ್ರ ಮರಳಿ ಬಂದು ಕಾಣಿಕೆ ಕೊಡುವನೆಂದೂ ಕೇಳಿದ್ದೇನೆ. ವಿದ್ಯಾವಂತನು ಹೇಳಬೇಕಾದದ್ದು ನೂರಕ್ಕೆ ಎಷ್ಟು ಸಂಭವ ಎಂಬುದನ್ನು. ಹಾಗೆ ಹೇಳುವುದು ಜಾರಿಕೊಳ್ಳುವ ಉಪಾಯವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ; ಅದಕ್ಕೂ ಒರೆಗಲ್ಲಿದೆ. ಅಮೆರಿಕದ ಹವಾಮಾನ ತಜ್ಞರಾದ ಗ್ಲೆನ್ ಬ್ರಯರ್ 1950ರಲ್ಲಿ ಒಂದು ಸರಳವಾದ ಅಳತೆಯನ್ನು ಸೂಚಿಸಿದರು. ನಾಳೆ ಮಳೆ ಬರುವ ಸಂಭವ ಹತ್ತರಲ್ಲಿ ಎಂಟು ಎಂದಿರಿ. ಮಳೆ ಬಂದರೆ ನಿಮ್ಮ ತಪ್ಪು ಎರಡು ದಶಾಂಶ. ಅದರ ವರ್ಗ 0.04. ಬರದಿದ್ದರೆ ತಪ್ಪು ಎಂಟು ದಶಾಂಶ; ವರ್ಗ 0.64. ಹೀಗೆ ದಿನದಿನದ ತಪ್ಪುಗಳ ವರ್ಗವನ್ನು ಕೂಡಿ ಸರಾಸರಿ ತೆಗೆದರೆ, ಕಡಿಮೆ ಬಂದವನು ಒಳ್ಳೆಯ ಊಹೆಗಾರ. ಧೈರ್ಯದಿಂದ ತಪ್ಪು ಹೇಳಿದವನಿಗೆ ಇದರಲ್ಲಿ ಭಾರಿ ದಂಡ. ಎಲ್ಲಕ್ಕೂ "ಅರ್ಧರ್ಧ" ಎಂದು ಗೋಡೆಯ ಮೇಲೆ ದೀಪವಿಟ್ಟವನಿಗೂ ಬಹುಮಾನವಿಲ್ಲ.

ಈಗ ಮನೆಯ ಮಾತಿಗೆ ಬರುತ್ತೇನೆ. ಹೊಸಬರ ವಿಭಾಗಕ್ಕೆ ಮೂವತ್ತು ಜನ ಹೆಸರು ಕೊಟ್ಟಿದ್ದರು. ಮೊಬೈಲಿನಲ್ಲಿ ಸವಾರರು ತಾವು ಹತ್ತಿದ ಕಾಲವನ್ನು ತಾವೇ ದಾಖಲಿಸುವ ವ್ಯವಸ್ಥೆಯಿದೆ. ಅದನ್ನು ತಡಕಿ ಕೆಲವರ ಕಾಲಗಳನ್ನು ಬರೆದುಕೊಂಡೆ. ಹಗುರವಾದ ಸೈಕಲ್ಲಿದ್ದ ಇಂಜಿನಿಯರೊಬ್ಬರು, ಬಾಗಲಕೋಟೆ ಕಡೆಯ ಹುಡುಗನೊಬ್ಬ, ಇವರಿಬ್ಬರೂ ಅಣ್ಣನಿಗಿಂತ ಮುಂದಿದ್ದರು. ಒಂದು ಭಾನುವಾರ ಅಂಗಡಿಯಲ್ಲಿ ತಂದೆಯವರ ಮುಂದೆ ನೋಟ್‌ಬುಕ್ ತೆರೆದು ಕುಳಿತೆ.

"ಈ ಹಳೇ ಸೈಕಲ್ಲಲ್ಲೇ ಹೋದರೆ?" ಎಂದರು.

"ಗೆಲ್ಲೋದು ನೂರಕ್ಕೆ ಎರಡು, ಅಪ್ಪ."

"ಆ ಸೈಕಲ್ ಕೊಡಿಸಿದರೆ?"

"ನೂರಕ್ಕೆ ಇಪ್ಪತ್ತು."

ತಂದೆಯವರು ಸ್ವಲ್ಪ ಹೊತ್ತು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಆಮೇಲೆ, "ಕಿಲೋಗೆ ಎಷ್ಟು ಬೀಳ್ತದೆ?" ಎಂದರು. ಹಣವೆಂದು ತಿಳಿದು ನಾನು ಭಾಗಿಸತೊಡಗಿದೆ. "ದುಡ್ಡಲ್ಲಪ್ಪ, ಟೈಮು" ಎಂದರು. ಹದಿನೆಂಟು ಸೆಕೆಂಡು ಎಂದೆ. ಎದ್ದು ಹೋಗಿ ಪಕ್ಕದ ಗುಜರಿ ಅಂಗಡಿಯಿಂದ ತೂಗುವ ಕೊಕ್ಕೆಯ ತಕ್ಕಡಿ ತಂದು ಛಾವಣಿಯ ತೊಲೆಗೆ ಕಟ್ಟಿದರು. ಅಣ್ಣನ ಸೈಕಲ್ಲನ್ನು ಅದಕ್ಕೆ ನೇತುಹಾಕಿ ಬಿಚ್ಚತೊಡಗಿದರು. ಸ್ಟ್ಯಾಂಡು, ಕ್ಯಾರಿಯರ್, ಎರಡು ಮಡ್‌ಗಾರ್ಡು, ಚೈನ್ ಕವರು, ಬೆಲ್ಲು ಹೋದವು. ಮುಂದಿನ ಸ್ಪ್ರಿಂಗಿನ ಫೋರ್ಕ್ ತೆಗೆದು ಹಳೆಯ ಸಾದಾ ಫೋರ್ಕ್ ಹಾಕಿದರು. ಕಬ್ಬಿಣದ ರಿಮ್ಮುಗಳಿಗೆ ಬದಲಾಗಿ ಯಾರೋ ಬಿಟ್ಟುಹೋಗಿದ್ದ ಅಲ್ಯೂಮಿನಿಯಂ ರಿಮ್ಮುಗಳಿಗೆ ಕಡ್ಡಿ ಕಟ್ಟಿ, ತೆಳು ಟೈರು ಹಾಕಿದರು. ಎರಡು ವಾರ ಹಿಡಿಯಿತು. ಒಂದೊಂದು ಭಾಗ ಬಿಚ್ಚಿದಾಗಲೂ ತಕ್ಕಡಿ ನೋಡಿ, "ಎಷ್ಟಾಯ್ತು ಸೆಕೆಂಡು?" ಎಂದು ನನ್ನನ್ನು ಕೇಳುವರು. ಕಡೆಗೆ ಮುಳ್ಳು ಹದಿಮೂರು ಕಿಲೋದಲ್ಲಿ ನಿಂತಿತು. ಖರ್ಚು ಎರಡೂವರೆ ಸಾವಿರ ರೂಪಾಯಿ. ಚೀಟಿಯ ಹಣವನ್ನು ಮುಟ್ಟಲಿಲ್ಲ.

ನಾನು ಲೆಕ್ಕವನ್ನು ತಿದ್ದಿ ಬರೆದೆ: ಹತ್ತುವ ಕಾಲ 28 ನಿಮಿಷ 43 ಸೆಕೆಂಡು. ಗೆಲ್ಲುವ ಸಂಭವ, ಇಂಜಿನಿಯರಿಗೆ 35, ಬಾಗಲಕೋಟೆಯ ಹುಡುಗನಿಗೆ 25, ಅಣ್ಣನಿಗೆ 8, ಉಳಿದ ಇಪ್ಪತ್ತೇಳು ಜನಕ್ಕೆ ಒಟ್ಟಾಗಿ 32. ಈ ಹಾಳೆಯನ್ನು ಮಡಿಸಿ ತಂದೆಯವರ ಗಲ್ಲಾಪೆಟ್ಟಿಗೆಯಲ್ಲಿಟ್ಟೆ. ಅಣ್ಣನಿಗೆ ಮಾತ್ರ ಒಂದೇ ಉಪದೇಶ ಮಾಡಿದೆ: ದೇವನಹಳ್ಳಿಯ ಕಡೆಯಿಂದ ಬೆಟ್ಟದ ಬುಡದವರೆಗಿನ ಬಯಲಿನಲ್ಲಿ ಯಾವ ಕಾರಣಕ್ಕೂ ಮುಂದೆ ಹೋಗಬೇಡ; ಇನ್ನೊಬ್ಬರ ಚಕ್ರದ ಹಿಂದೆ ಅವಿತುಕೊಂಡಿರು. ಆಗಲಿ ಎಂದ.

ಡಿಸೆಂಬರಿನ ಆ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ನಾನೂ ತಂದೆಯವರೂ ಮೇಲ್ಗಡೆಯ ಕೊನೆಯ ತಿರುವಿನಲ್ಲಿ ನಿಂತಿದ್ದೆವು. ಮೊದಲು ಕಾಣಿಸಿಕೊಂಡವರು ನನ್ನ ಹಾಳೆಯಲ್ಲಿ ಹೆಸರೇ ಇಲ್ಲದ, ನಲವತ್ತು ದಾಟಿದ ಒಬ್ಬ ಗೃಹಸ್ಥರು. ಅವರು ಮೊಬೈಲಿನಲ್ಲಿ ಯಾವ ಕಾಲವನ್ನೂ ದಾಖಲಿಸುವವರಲ್ಲ; ನನ್ನ ದೃಷ್ಟಿಗೆ ಅವರು "ಉಳಿದವರು". ಎರಡನೆಯವನು ಬಾಗಲಕೋಟೆಯ ಹುಡುಗ. ನನ್ನ 35ರ ಇಂಜಿನಿಯರು ಐದನೆಯವರಾಗಿ ಬಂದರು. ಅಣ್ಣ ಏಳನೆಯವನು. ತಿರುವಿನಲ್ಲಿ ಅವನು ಸೀಟಿನಿಂದ ಎದ್ದಿರಲಿಲ್ಲ. ತಂದೆಯವರು ಅದನ್ನು ನೋಡಿ ತಲೆಯಾಡಿಸಿದರು.

ಬುಡದಿಂದ ಮೇಲಕ್ಕೆ ಅವನು ಹತ್ತಿದ ಕಾಲ 29 ನಿಮಿಷ 5 ಸೆಕೆಂಡು. ನನ್ನ ಲೆಕ್ಕಕ್ಕೂ ನಿಜಕ್ಕೂ 22 ಸೆಕೆಂಡಿನ ಅಂತರ. ಕಾಲವನ್ನು ಸರಿಯಾಗಿ ಹೇಳಿದವನು ಗೆಲುವನ್ನು ಹೇಳುವುದರಲ್ಲಿ ಮುಗ್ಗರಿಸಿದೆ. ಬ್ರಯರ್ ಮಹಾಶಯರ ಅಳತೆಯಲ್ಲಿ ಆ ದಿನ ಬರೀ ಕಲ್ಲು ಹಾಕಿದಂತಾಯಿತು. ಆ 22 ಸೆಕೆಂಡಿನ ಕಥೆ ಆಮೇಲೆ ತಿಳಿಯಿತು. ಬಯಲಿನಲ್ಲಿ ಇಬ್ಬರು ಮುಂದೆ ಓಡಿಹೋದರಂತೆ. ಗುಂಪಿನಲ್ಲಿ ಯಾರೂ ತುಳಿಯಲು ಒಪ್ಪದೆ ಒಬ್ಬರ ಮುಖ ಒಬ್ಬರು ನೋಡತೊಡಗಿದರಂತೆ. ಅಣ್ಣ ಮುಂದೆ ಹೋಗಿ ಹತ್ತು ಕಿಲೋಮೀಟರಿನುದ್ದಕ್ಕೂ ಗಾಳಿಗೆ ಎದೆಯೊಡ್ಡಿ ತುಳಿದು, ಬುಡ ತಲಪುವ ಮೊದಲೇ ಆ ಇಬ್ಬರನ್ನೂ ಹಿಡಿದುಕೊಟ್ಟನಂತೆ. ಗೆದ್ದ ಗೃಹಸ್ಥರು ಅಷ್ಟು ದೂರವೂ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಿದ್ದರು. ಮೇಲೆ ಸಿಕ್ಕಾಗ ತಾವೇ ಹೇಳಿಕೊಂಡು ಅವನ ಬೆನ್ನು ತಟ್ಟಿದರು.

"ನಾನು ಹೇಳಿದ್ದೆನಲ್ಲೋ, ಮುಂದೆ ಹೋಗಬೇಡ ಅಂತ" ಎಂದು ನಾನು ರೇಗಿದೆ.

"ಯಾರೂ ತುಳೀತಿರಲಿಲ್ಲ ಕಣೋ ಪುಟ್ಟ. ಯಾರಾದರೂ ತುಳೀಬೇಕಲ್ಲ" ಎಂದ. ಆಮೇಲೆ ಬನ್ನು ತಿನ್ನುತ್ತ ಕುಳಿತ.

ನನ್ನ ಲೆಕ್ಕದಲ್ಲಿ ಆದ ತಪ್ಪು ಎಲ್ಲಿ ಎಂಬುದು ಈಗ ಸ್ಪಷ್ಟ. ತೂಕವನ್ನು ತೂಗಿದೆ, ಬಲವನ್ನು ಅಳೆದೆ. ಯಾರ ಸ್ವಭಾವ ಏನೆಂಬುದಕ್ಕೆ ಒಂದು ಕಲಮನ್ನೂ ಬರೆಯಲಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬೆಳೆದವನಿಗೆ ಆ ಅಂಕಿ ಗೊತ್ತಿರಬೇಕಾಗಿತ್ತು.

ಕ್ಲಬ್ಬಿನವರು ಮೊದಲ ಮೂವರನ್ನು ಮಾತ್ರ ತೆಗೆದುಕೊಂಡರು. ಇದೇ ಸ್ಪರ್ಧೆ ಈ ಬಾರಿ ಜೂನ್ ತಿಂಗಳಿನಲ್ಲಿ ಮತ್ತೆ ನಡೆಯುವುದಂತೆ. ಆ ಹತ್ತು ಕಿಲೋ ಸೈಕಲ್ಲು ಇನ್ನೂ ಮಾರಾಟವಾಗಿಲ್ಲ. ಬೆಲೆ ನಲವತ್ತಕ್ಕೆ ಇಳಿದಿದೆ. ಎಂ.ಎ. ಪ್ರವೇಶಕ್ಕೆ ಹಣ ಕಟ್ಟಬೇಕಾದದ್ದೂ ಹೆಚ್ಚು ಕಡಿಮೆ ಆ ದಿನಗಳಲ್ಲೇ. ಅಣ್ಣ ಏನನ್ನೂ ಕೇಳಿಲ್ಲ. ತಕ್ಕಡಿ ಇನ್ನೂ ತೊಲೆಗೆ ನೇತಾಡುತ್ತಿದೆ, ಗುಜರಿಯವರು ಎರಡು ಸಲ ಕೇಳಿಹೋದರು. ನಾನು ಹೊಸ ಹಾಳೆಯೊಂದನ್ನು ತೆಗೆದುಕೊಂಡು ಕುಳಿತಿದ್ದೇನೆ. ಈ ಬಾರಿ ಎರಡು ಪಟ್ಟಿ ಬರೆಯಬೇಕಾಗಿದೆ, ಒಂದು ಅವನದು, ಇನ್ನೊಂದು ನನ್ನದು.